ಒಣ ಕಣ್ಣಿಗೆ ಗಾಳಿ ತಡೆಯುವ ಕನ್ನಡಕ



ಕಣ್ಣಿನ ವೈದ್ಯರ ಮುಂದೆ ಕುಳಿತವರು ಹೇಳುವ ದೂರುಗಳಲ್ಲಿ ಒಂದು ಹೀಗಿರುತ್ತದೆ: ಕಣ್ಣು ಉರಿಯುತ್ತದೆ, ಒಳಗೆ ಮರಳು ಬಿದ್ದ ಹಾಗೆ ಚುಚ್ಚುತ್ತದೆ, ಸಂಜೆಯಾಗುತ್ತಿದ್ದಂತೆ ರೆಪ್ಪೆ ಭಾರವಾಗುತ್ತದೆ. ಓದುತ್ತಾ ಕುಳಿತರೆ ಅಕ್ಷರ ಮಸುಕಾಗುತ್ತದೆ, ರೆಪ್ಪೆ ಬಡಿದರೆ ಮತ್ತೆ ಸ್ಪಷ್ಟವಾಗುತ್ತದೆ. ಗಾಡಿ ಹತ್ತಿದರೆ ಸಾಕು, ನೀರು ಧಾರೆಧಾರೆಯಾಗಿ ಸುರಿಯುತ್ತದೆ. ಇದನ್ನೆಲ್ಲ ಕೇಳಿ, ಪರೀಕ್ಷೆ ಮಾಡಿ, ನಿಮ್ಮ ಕಣ್ಣು ಒಣಗಿದೆ ಎಂದರೆ ಹಲವರಿಗೆ ನಂಬಿಕೆಯೇ ಬರುವುದಿಲ್ಲ. ಗದಗದ ಕಡೆಯ ಒಬ್ಬ ತಾಯಿ ನೇರವಾಗಿಯೇ ಕೇಳಿದರು: "ಅಲ್ರೀ ಡಾಕ್ಟರ್ರ, ಕಣ್ಣಾಗ ಇಷ್ಟು ನೀರು ಸುರೀತಾವು, ನೀವು ನೋಡಿದ್ರ ಕಣ್ಣು ಒಣಗ್ಯಾವ ಅಂತೀರಿ. ಇದು ಹ್ಯಾಂಗ್ರೀ?" ನ್ಯಾಯವಾದ ಪ್ರಶ್ನೆ. ಕಣ್ಣು ಹೇಗೆ ಒಣಗುತ್ತದೆ ಎಂದು ತಿಳಿದುಕೊಂಡರೆ, ಅದಕ್ಕೆ ಎಂಥ ಕನ್ನಡಕ ಬೇಕು ಎಂಬುದೂ ತಾನಾಗಿ ತಿಳಿಯುತ್ತದೆ. ಆದ್ದರಿಂದ ಮಾತನ್ನು ಅಲ್ಲಿಂದಲೇ ಶುರು ಮಾಡುತ್ತೇನೆ.

ನಮ್ಮ ಕಣ್ಣಿನ ಮೇಲೆ ಸದಾ ಒಂದು ತೆಳುವಾದ ಕಣ್ಣೀರಿನ ಪದರ ಹರಡಿಕೊಂಡಿರುತ್ತದೆ. ಅದರ ದಪ್ಪ ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಸುಮಾರು ಮೂರು ಪಾಲು, ಅಷ್ಟೇ. ಇದು ಬರೀ ನೀರಲ್ಲ. ಕಣ್ಣಿಗೆ ಅಂಟಿದಂತೆ ಲೋಳೆಯ ಅಂಶ, ಅದರ ಮೇಲೆ ಕಣ್ಣೀರ ಗ್ರಂಥಿಗಳಿಂದ ಬಂದ ನೀರು, ಎಲ್ಲಕ್ಕೂ ಮೇಲೆ ಎಣ್ಣೆಯ ಪದರ. ಈ ಎಣ್ಣೆ ಬರುವುದು ರೆಪ್ಪೆಯ ಅಂಚಿನಲ್ಲಿ ಸಾಲಾಗಿ ಕುಳಿತ ಸಣ್ಣ ಗ್ರಂಥಿಗಳಿಂದ. ಜರ್ಮನಿಯ ವೈದ್ಯ ಹೈನ್ರಿಷ್ ಮೈಬೋಮ್ ಇವುಗಳನ್ನು 1666ರಲ್ಲಿ ವಿವರಿಸಿದರು. ಅವರ ಹೆಸರಿನಿಂದಲೇ ಇಂದಿಗೂ ಮೈಬೋಮಿಯನ್ ಗ್ರಂಥಿಗಳು ಎನ್ನುತ್ತೇವೆ. ಕೆಳಗಿನ ನೀರು ಬೇಗ ಆವಿಯಾಗಿ ಹೋಗದಂತೆ ತಡೆಯುವುದು ಈ ಎಣ್ಣೆಯ ಕೆಲಸ. ನಾವು ನಿಮಿಷಕ್ಕೆ ಹೆಚ್ಚುಕಡಿಮೆ 15 ಸಲ ರೆಪ್ಪೆ ಬಡಿಯುತ್ತೇವೆ. ಪ್ರತಿ ಸಲವೂ ಈ ಪದರ ಹೊಸದಾಗಿ ಹರಡಿಕೊಳ್ಳುತ್ತದೆ.

ನೀರು ಕಡಿಮೆಯಾಗಲಿ, ಎಣ್ಣೆ ಕೆಟ್ಟಿರಲಿ, ಪದರ ಬೇಗ ಒಡೆಯುತ್ತದೆ. ಒಡೆದ ಕಡೆ ಕಣ್ಣಿನ ಮೈ ಬರಿದಾಗಿ ಗಾಳಿಗೆ ತೆರೆದುಕೊಳ್ಳುತ್ತದೆ. ಕಣ್ಣಿನ ಕರಿಗುಡ್ಡೆಯಲ್ಲಿ, ಅಂದರೆ ಕಾರ್ನಿಯಾದಲ್ಲಿ, ನರದ ತುದಿಗಳು ದಟ್ಟವಾಗಿವೆ. ಅವು ಕೂಡಲೇ ಮಿದುಳಿಗೆ ದೂರು ಒಯ್ಯುತ್ತವೆ. ಮಿದುಳು ಗ್ರಂಥಿಗೆ ಅಪ್ಪಣೆ ಕೊಡುತ್ತದೆ, ನೀರು ಒಮ್ಮೆಲೇ ಉಕ್ಕಿ ಬರುತ್ತದೆ. ಆದರೆ ಹೀಗೆ ಅವಸರಕ್ಕೆ ಬಂದ ನೀರಿಗೆ ತಕ್ಕಷ್ಟು ಎಣ್ಣೆಯ ಹೊದಿಕೆ ಇರುವುದಿಲ್ಲ. ಅದು ಕಣ್ಣಿನ ಮೇಲೆ ನಿಲ್ಲದೆ ಕೆನ್ನೆಗೆ ಇಳಿದುಹೋಗುತ್ತದೆ. ಆ ತಾಯಿಯ ಪ್ರಶ್ನೆಗೆ ಉತ್ತರ ಇಷ್ಟು: ಕಣ್ಣು ಒಣಗಿದ್ದರಿಂದಲೇ ನೀರು ಸುರಿಯುತ್ತಿದೆ.

ಈಗ ಗಾಳಿಯ ವಿಷಯಕ್ಕೆ ಬರೋಣ. ಆಷಾಢದಲ್ಲಿ ಬಿಸಿಲೇ ಇರುವುದಿಲ್ಲ, ಆದರೂ ಮಳೆ ಬಿಟ್ಟ ದಿನ ಹಗ್ಗದ ಮೇಲಿನ ಒದ್ದೆ ಬಟ್ಟೆ ಬೇಗ ಒಣಗುತ್ತದೆ. ಒಣಗಿಸುವುದು ಬೀಸುವ ಗಾಳಿ. ಕಣ್ಣಿಗೂ ಅದೇ ಮಾತು. ಗದಗ ಜಿಲ್ಲೆಯ ಕಪ್ಪತಗುಡ್ಡದ ಸೀಮೆಯಲ್ಲಿ, ಚಿತ್ರದುರ್ಗದ ಗುಡ್ಡಗಳ ನೆತ್ತಿಯ ಮೇಲೆ ಗಾಳಿಯಂತ್ರ ನಿಲ್ಲಿಸಿದ್ದಾರೆ ಎಂದರೆ ಅಲ್ಲಿಯ ಗಾಳಿ ಎಂಥದ್ದೆಂದು ಊಹಿಸಿಕೊಳ್ಳಿ. ಇನ್ನು ಕಲಬುರಗಿ, ರಾಯಚೂರಿನಲ್ಲಿ ಬೇಸಿಗೆಯ ಬಿಸಿ 40 ಡಿಗ್ರಿ ದಾಟುತ್ತದೆ, ಗಾಳಿಯಲ್ಲಿ ತೇವವೇ ಇರುವುದಿಲ್ಲ. ಗಾಳಿ ಬೀಸದ ಊರಿನಲ್ಲಿಯೂ ನಾವೇ ಗಾಳಿ ಹುಟ್ಟಿಸಿಕೊಳ್ಳುತ್ತೇವೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಸ್ಕೂಟರ್ ಓಡಿಸಿದರೆ ಅಷ್ಟೇ ವೇಗದ ಗಾಳಿ ಮುಖಕ್ಕೆ ಹೊಡೆಯುತ್ತದೆ. ಬಸ್ಸಿನ ಕಿಟಕಿ, ತಲೆಯ ಮೇಲಿನ ಫ್ಯಾನು, ಕಾರಿನ ಡ್ಯಾಶ್‌ಬೋರ್ಡಿನಿಂದ ನೇರ ಮುಖಕ್ಕೆ ಬರುವ ಎಸಿ ಗಾಳಿ, ಎಲ್ಲವೂ ಮಾಡುವ ಕೆಲಸ ಒಂದೇ.

ಈ ತೊಂದರೆ ಯಾರಿಗೆ ಹೆಚ್ಚು? ವಯಸ್ಸಾದವರಿಗೆ, ಅದರಲ್ಲೂ ಮುಟ್ಟು ನಿಂತ ಹೆಣ್ಣುಮಕ್ಕಳಿಗೆ. ಸಕ್ಕರೆ ಕಾಯಿಲೆ, ಸಂಧಿವಾತ, ಥೈರಾಯ್ಡ್ ತೊಂದರೆ ಇರುವವರಿಗೆ. ನೆಗಡಿ, ಅಲರ್ಜಿಯ ಮಾತ್ರೆಗಳನ್ನು ಬಹಳ ದಿನ ನುಂಗುವವರಿಗೆ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಿಗೆ, ಕನ್ನಡಕ ಬಿಡಲು ಲೇಸರ್ ಚಿಕಿತ್ಸೆ ಮಾಡಿಸಿಕೊಂಡವರಿಗೆ, ಪೊರೆಯ ಆಪರೇಷನ್ ಆದ ಮೊದಲ ಕೆಲವು ತಿಂಗಳಲ್ಲಿ ಕೆಲವರಿಗೆ. ಮೊಬೈಲ್, ಕಂಪ್ಯೂಟರ್ ನೋಡುವಾಗ ರೆಪ್ಪೆ ಬಡಿಯುವುದು ಅರ್ಧಕ್ಕೂ ಕೆಳಗೆ ಇಳಿಯಬಹುದು, ಹಾಗಾಗಿ ಎಳೆಯ ವಯಸ್ಸಿನವರೂ ಈಗ ಇದರಿಂದ ಹೊರತಲ್ಲ. ಕಣ್ಣಿನ ಜೊತೆಗೆ ಬಾಯಿಯೂ ಒಣಗಿ, ಕೀಲು ನೋಯುತ್ತಿದ್ದರೆ ಶೋಗ್ರನ್ ಕಾಯಿಲೆ ಇರಬಹುದು. ಸ್ವೀಡನ್ನಿನ ಕಣ್ಣಿನ ವೈದ್ಯ ಹೆನ್ರಿಕ್ ಶೋಗ್ರನ್ 1933ರಲ್ಲಿ ವಿವರವಾಗಿ ಬರೆದ ಕಾಯಿಲೆ ಇದು. ಗಂಡಸರಿಗಿಂತ ಹೆಂಗಸರಲ್ಲಿ ಬಹಳ ಹೆಚ್ಚು.

ಆದ್ದರಿಂದ ಕನ್ನಡಕದ ಅಂಗಡಿಗೆ ಹೋಗುವ ಮೊದಲು ಒಮ್ಮೆ ಕಣ್ಣು ತೋರಿಸಿ. ಪರೀಕ್ಷೆ ಸುಲಭ, ನೋವಿಲ್ಲ. ಐದು ಮಿಲಿಮೀಟರ್ ಅಗಲದ ಕಾಗದದ ಪಟ್ಟಿಯೊಂದನ್ನು ಕೆಳರೆಪ್ಪೆಗೆ ಸಿಕ್ಕಿಸಿ ಐದು ನಿಮಿಷ ಬಿಡುತ್ತಾರೆ. ಪಟ್ಟಿ ಎಷ್ಟು ನೆನೆಯಿತು ಎಂದು ಅಳೆಯುತ್ತಾರೆ. ಒಟ್ಟೊ ಶಿರ್ಮರ್ 1903ರಲ್ಲಿ ತಿಳಿಸಿಕೊಟ್ಟ ಈ ವಿಧಾನ ಇಂದಿಗೂ ಬಳಕೆಯಲ್ಲಿದೆ. ಐದು ಮಿಲಿಮೀಟರ್ ಕೂಡ ನೆನೆಯದಿದ್ದರೆ ಕಣ್ಣೀರು ಬಹಳ ಕಡಿಮೆ ಎಂದು ಅರ್ಥ. ಇನ್ನೊಂದರಲ್ಲಿ ಕಣ್ಣಿಗೆ ಕಿತ್ತಳೆ ಬಣ್ಣ ಹಚ್ಚಿ, ನೀಲಿ ಬೆಳಕಿನಲ್ಲಿ ನೋಡುತ್ತಾರೆ. ರೆಪ್ಪೆ ಬಡಿದ ಮೇಲೆ ಕಣ್ಣೀರಿನ ಪದರ ಹತ್ತು ಸೆಕೆಂಡಿಗಿಂತ ಮೊದಲೇ ಒಡೆದರೆ ಅದು ನಿಲ್ಲುತ್ತಿಲ್ಲ ಎಂದು ತಿಳಿಯುತ್ತದೆ. ನೀರು ಕಡಿಮೆಯೋ, ಎಣ್ಣೆ ಕೆಟ್ಟಿದೆಯೋ ಎಂಬುದು ಗೊತ್ತಾದರೆ ಚಿಕಿತ್ಸೆಗೆ ದಾರಿ ಸಿಗುತ್ತದೆ.

2017ರಲ್ಲಿ 23 ದೇಶಗಳ 150 ತಜ್ಞರು ಕೂಡಿ ಒಣ ಕಣ್ಣಿನ ಬಗ್ಗೆ ಒಂದು ದೊಡ್ಡ ವರದಿ ಹೊರತಂದರು. ಚಿಕಿತ್ಸೆಯನ್ನು ಅವರು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ್ದಾರೆ. ಮೊದಲ ಮೆಟ್ಟಿಲಲ್ಲಿ ಪರಿಸರ ತಿದ್ದಿಕೊಳ್ಳುವುದು, ಕಣ್ಣು ತೇವವಾಗಿಡುವ ಹನಿಗಳು, ರೆಪ್ಪೆಯ ಸ್ವಚ್ಛತೆ. ಎರಡನೆಯ ಮೆಟ್ಟಿಲಲ್ಲಿ ಬರುವ ಉಪಾಯಗಳಲ್ಲಿ ಕಣ್ಣಿನ ಸುತ್ತ ತೇವ ಹಿಡಿದಿಡುವ ಕನ್ನಡಕವೂ ಒಂದು. ಎಂದರೆ ಇದು ಶೋಕಿಯ ವಸ್ತುವಲ್ಲ, ಚಿಕಿತ್ಸೆಯ ಒಂದು ಭಾಗ.

ಇಲ್ಲಿ ನಮ್ಮ ಜನರಲ್ಲಿ ಬೇರೂರಿದ ಒಂದು ನಂಬಿಕೆಯನ್ನು ಎತ್ತಲೇಬೇಕು. ಡಾ. ಎಂ.ಸಿ. ಮೋದಿಯವರಂಥವರು ಊರೂರಿಗೆ ಶಿಬಿರ ಒಯ್ದು ಪೊರೆಯ ಆಪರೇಷನ್ ಮಾಡಿದ ನಾಡು ನಮ್ಮದು. ಆಪರೇಷನ್ ಆದವರಿಗೆ ಕೊಡುವ ಆ ದೊಡ್ಡ ಕಪ್ಪು ಕನ್ನಡಕ ನಮ್ಮ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತು. ಪಕ್ಕದಲ್ಲೂ ಮುಚ್ಚಿರುತ್ತದೆ, ಹುಬ್ಬಿನ ಮೇಲೂ ಕೂರುತ್ತದೆ. ಎಷ್ಟೋ ಅಜ್ಜಂದಿರು, ಅಜ್ಜಿಯರು ಅದನ್ನು ತಿಂಗಳುಗಟ್ಟಲೆ ತೆಗೆಯುವುದೇ ಇಲ್ಲ. ಕೇಳಿದರೆ, ಹಾಕಿಕೊಂಡರೆ ಕಣ್ಣಿಗೆ ತಂಪು ಎನ್ನುತ್ತಾರೆ. ಅವರ ಅನುಭವ ನಿಜ. ಆದರೆ ಆ ತಂಪಿನಲ್ಲಿ ಕಪ್ಪು ಬಣ್ಣದ ಪಾಲು ಸ್ವಲ್ಪ ಮಾತ್ರ. ಬಹುಪಾಲು ಹಿತ ಬರುವುದು ಅದು ಪಕ್ಕದ ಗಾಳಿಯನ್ನು ತಡೆಯುವುದರಿಂದ. ಇದನ್ನು ತಿಳಿಯದೆ ಜನ ಅಂಗಡಿಗೆ ಹೋಗಿ ಇನ್ನೂ ಕಪ್ಪಗಿರುವುದನ್ನು ಕೊಡಿ ಎನ್ನುತ್ತಾರೆ. ಚಪ್ಪಟೆಯಾದ, ಅಂದವಾದ ಕೂಲಿಂಗ್ ಗ್ಲಾಸ್ ತರುತ್ತಾರೆ. ಬಿಸಿಲು ಕಡಿಮೆಯಾಗುತ್ತದೆ, ಗಾಳಿ ಮಾತ್ರ ಎರಡೂ ಬದಿಯಿಂದ ನುಗ್ಗುತ್ತಲೇ ಇರುತ್ತದೆ. ನಾನು ಇವತ್ತು ಹೇಳಬೇಕೆಂದಿರುವ ಮುಖ್ಯ ಮಾತು ಇದೇ: ಒಣ ಕಣ್ಣಿನವರು ಕನ್ನಡಕ ಕೊಳ್ಳುವಾಗ ಗಾಜಿನ ಬಣ್ಣಕ್ಕಿಂತ ಮೊದಲು ಫ್ರೇಮಿಗೂ ಮುಖಕ್ಕೂ ನಡುವಿನ ಸಂದನ್ನು ನೋಡಬೇಕು.

ಗಾಳಿ ತಡೆಯುವ ಕನ್ನಡಕದಲ್ಲಿ ನಾಲ್ಕು ಬಗೆಗಳಿವೆ ಎನ್ನಬಹುದು. ಮೊದಲನೆಯದು, ಹಣೆಯಿಂದ ಕಪಾಳದವರೆಗೆ ಬಾಗಿ ಬರುವ ಕನ್ನಡಕ. ಅಂಗಡಿಯಲ್ಲಿ ಇದನ್ನು ರ‍್ಯಾಪ್‌ಅರೌಂಡ್ ಎಂದು ಕೇಳಿದರೆ ತೋರಿಸುತ್ತಾರೆ. ತೊಂದರೆ ಸ್ವಲ್ಪವೇ ಇದ್ದವರಿಗೆ ಇಷ್ಟು ಸಾಕು. ಎರಡನೆಯದು, ಮಾಮೂಲಿ ಕನ್ನಡಕದ ಕಡ್ಡಿಗೆ ಎರಡೂ ಬದಿಯಲ್ಲಿ ಪಾರದರ್ಶಕ ಮರೆ ಜೋಡಿಸಿದ್ದು. ದಿನವಿಡೀ ಪವರ್ ಕನ್ನಡಕ ಹಾಕುವವರಿಗೆ, ಆಫೀಸಿನ ಎಸಿಯಲ್ಲಿ ಕೂರುವವರಿಗೆ ಇದು ಅನುಕೂಲ. ಮೂರನೆಯದು, ಬಾಗಿದ ಫ್ರೇಮಿನ ಒಳ ಅಂಚಿಗೆ ಮೆತ್ತನೆಯ ಫೋಮ್ ಅಥವಾ ಸಿಲಿಕೋನ್ ಪಟ್ಟಿ ಇರುವಂಥದ್ದು. ಪಟ್ಟಿ ಚರ್ಮಕ್ಕೆ ಒತ್ತಿ ಕುಳಿತು ಕಣ್ಣಿನ ಸುತ್ತ ಒಂದು ಪುಟ್ಟ ಕೋಣೆಯನ್ನೇ ಕಟ್ಟುತ್ತದೆ. ಆವಿಯಾದ ಕಣ್ಣೀರಿನ ತೇವ ಅಲ್ಲೇ ಉಳಿಯುತ್ತದೆ. ತೀವ್ರ ತೊಂದರೆಯವರಿಗೆ, ಬೈಕಿನಲ್ಲಿ ದೂರ ಓಡಾಡುವವರಿಗೆ ಇದು ತಕ್ಕದ್ದು. ನಾಲ್ಕನೆಯದು, ಹಾಕಿಕೊಂಡ ಪವರ್ ಕನ್ನಡಕದ ಮೇಲೆಯೇ ಹಾಕುವ ದೊಡ್ಡ ಕನ್ನಡಕ. ಎರಡು ಕನ್ನಡಕದ ಭಾರ ಇರುತ್ತದೆ, ಆದರೆ ಖರ್ಚು ಕಡಿಮೆ, ಬೇಕಾದಾಗ ತೆಗೆಯಬಹುದು.

ಇನ್ನು ಅಂಗಡಿಯಲ್ಲಿ ಆರಿಸುವ ಕ್ರಮ. ಕನ್ನಡಕ ಹಾಕಿಕೊಂಡು ಕನ್ನಡಿಯ ಮುಂದೆ ನಿಲ್ಲಿ. ಮೊದಲು ಎದುರಿನಿಂದ ನೋಡಬೇಡಿ, ಜೊತೆಗೆ ಬಂದವರಿಗೆ ಪಕ್ಕದಿಂದ, ಮೇಲಿನಿಂದ, ಕೆಳಗಿನಿಂದ ನೋಡಲು ಹೇಳಿ. ಗಾಳಿ ನುಗ್ಗುವ ಜಾಗ ಸಾಮಾನ್ಯವಾಗಿ ಮೂರು: ಹುಬ್ಬಿನ ಮೇಲೆ, ಕಣ್ಣಿನ ಹೊರ ಮೂಲೆಯಲ್ಲಿ, ಮೂಗಿನ ಪಕ್ಕದಿಂದ ಕೆನ್ನೆಯವರೆಗೆ. ಈ ಕಡೆ ಎಲ್ಲಾದರೂ ಕಿರುಬೆರಳು ಸಲೀಸಾಗಿ ತೂರಿದರೆ ಆ ಫ್ರೇಮ್ ನಿಮ್ಮದಲ್ಲ. ಆಮೇಲೆ ಅಂಗಡಿಯವರ ಟೇಬಲ್ ಫ್ಯಾನನ್ನು ಮುಖದ ಮಟ್ಟಕ್ಕೆ ಇಡಿಸಿಕೊಳ್ಳಿ. ಎದುರಿಗೆ ನಿಂತು, ತಲೆಯನ್ನು ನಿಧಾನಕ್ಕೆ ಬಲಕ್ಕೆ, ಎಡಕ್ಕೆ ತಿರುಗಿಸಿ, ಗದ್ದ ಮೇಲೆತ್ತಿ, ಕೆಳಗಿಳಿಸಿ. ಕಣ್ಣಿಗೆ ತಣ್ಣನೆ ಗಾಳಿ ಎಲ್ಲಿಂದ ಸೋಕುತ್ತದೆ ಎಂದು ನಿಮಗೇ ಗೊತ್ತಾಗುತ್ತದೆ. ಒಣ ಕಣ್ಣಿನವರಿಗೆ ಇದು ಬಹಳ ಬೇಗ ತಿಳಿಯುತ್ತದೆ, ಅವರ ಕಣ್ಣು ಅಷ್ಟು ಸೂಕ್ಷ್ಮವಾಗಿರುತ್ತದೆ. ಯಾವ ಯಂತ್ರವೂ ಬೇಡದ ಪರೀಕ್ಷೆ ಇದು, ಫ್ರೇಮ್ ಆರಿಸಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಸಂದು ಮುಚ್ಚಬೇಕು ಎಂದು ಕನ್ನಡಕ ಕಣ್ಣಿಗೆ ತೀರ ಹತ್ತಿರ ಬರಬಾರದು. ಹತ್ತಾರು ಸಲ ರೆಪ್ಪೆ ಬಡಿದು ನೋಡಿ, ರೆಪ್ಪೆಗೂದಲು ಗಾಜಿಗೆ ತಾಗಬಾರದು. ಬಾಯ್ತುಂಬ ನಕ್ಕು ನೋಡಿ, ಕೆನ್ನೆ ಮೇಲೆ ಬಂದು ಫ್ರೇಮನ್ನು ಎತ್ತಬಾರದು. ಮೂಗು ಅಷ್ಟೇನೂ ಎತ್ತರವಿಲ್ಲದವರಿಗೆ ಮೂಗಿನ ಪ್ಯಾಡ್ ಹೊಂದಿಸಲು ಬರುವಂಥ ಫ್ರೇಮ್ ಬೇಕು, ಇಲ್ಲವಾದರೆ ಅಲ್ಲೇ ಸಂದು ಬೀಳುತ್ತದೆ. ತಲೆ ಬಗ್ಗಿಸಿ ಅಲ್ಲಾಡಿಸಿದರೆ ಜಾರಬಾರದು. ಕಿವಿಯ ಹಿಂದೆ, ಕಪಾಳದಲ್ಲಿ ಒತ್ತಬಾರದು. ಕಾಲು ಗಂಟೆ ಹಾಕಿಕೊಂಡೇ ಇರಿ, ಸಾಧ್ಯವಾದರೆ ಮೆಟ್ಟಿಲು ಹತ್ತಿ ಇಳಿಯಿರಿ. ಬಾಗಿದ ಗಾಜಿನ ಅಂಚಿನಲ್ಲಿ ವಸ್ತುಗಳು ಸೊಟ್ಟಗೆ ಕಂಡರೆ, ಮೆಟ್ಟಿಲಿನ ಅಂತರ ತಪ್ಪಾಗಿ ತೋರಿದರೆ, ತಲೆ ಸುತ್ತಿದರೆ ಅದನ್ನು ಕೊಳ್ಳಬೇಡಿ. ಅದರಲ್ಲೂ ವಯಸ್ಸಾದವರು ಈ ವಿಷಯದಲ್ಲಿ ರಾಜಿ ಮಾಡಿಕೊಳ್ಳಬಾರದು, ಬಿದ್ದರೆ ಮೂಳೆ ಮುರಿಯುತ್ತದೆ.

ಪವರ್ ಇರುವವರಿಗೆ ಇನ್ನೊಂದು ಮಾತು. ಹೆಚ್ಚು ಬಾಗಿದ ಫ್ರೇಮಿಗೆ ಎಲ್ಲ ನಂಬರಿನ ಗಾಜೂ ಹೊಂದುವುದಿಲ್ಲ. ಮೈನಸ್ 4ರ ಆಸುಪಾಸು ದಾಟಿದರೆ, ಸಿಲಿಂಡರ್ ನಂಬರ್ ಜಾಸ್ತಿ ಇದ್ದರೆ, ದೂರ ಹತ್ತಿರ ಎರಡಕ್ಕೂ ಸೇರಿದ ಪ್ರೊಗ್ರೆಸಿವ್ ಗಾಜಾದರೆ ತೊಂದರೆ ಹೆಚ್ಚು. ಬಾಗಿದ ಗಾಜಿನ ಹಿಂದೆ ನಂಬರನ್ನು ಸ್ವಲ್ಪ ಬದಲಿಸಿ ಲೆಕ್ಕ ಹಾಕಬೇಕಾಗುತ್ತದೆ. ಆ ಲೆಕ್ಕ ಗೊತ್ತಿರುವ ಆಪ್ಟಿಷಿಯನ್ ಬಳಿಯೇ ಮಾಡಿಸಿ. ಅಂಥವರು ಸಿಗದಿದ್ದರೆ ಬದಿಯ ಮರೆ ಇರುವ ಮಾಮೂಲಿ ಫ್ರೇಮ್, ಇಲ್ಲವೇ ಮೇಲೆ ಹಾಕುವ ಕನ್ನಡಕ, ಇವೆರಡರಲ್ಲಿ ಒಂದನ್ನು ನೆಚ್ಚಿಕೊಳ್ಳುವುದು ಲೇಸು.

ಸಂದು ಮುಚ್ಚಿದಷ್ಟೂ ಗಾಜಿನ ಒಳಗೆ ಮಂಜು ಕಟ್ಟುವ ತೊಂದರೆ ಬರುತ್ತದೆ. ಬೆವರು, ಉಸಿರು, ಕಣ್ಣಿನ ತೇವ ಎಲ್ಲ ಸೇರಿ ಗಾಜು ಮಬ್ಬಾಗುತ್ತದೆ. ರಸ್ತೆಯ ಮೇಲೆ ಇದು ಅಪಾಯ. ಆದ್ದರಿಂದ ಫೋಮ್ ಪಟ್ಟಿಯ ಕನ್ನಡಕದಲ್ಲಿ ಗಾಳಿ ಹಾಯಲು ಸಣ್ಣ ಕಿಂಡಿಗಳಿವೆಯೇ, ಒಳಗೆ ಮಂಜು ಹಿಡಿಯದ ಲೇಪ ಇದೆಯೇ ಎಂದು ಕೇಳಿ. ಊರಿಗೆ ತಕ್ಕಂತೆಯೂ ಯೋಚಿಸಬೇಕು. ವಿಜಯಪುರ, ಕಲಬುರಗಿ, ಬಳ್ಳಾರಿಯ ಒಣ ಹವೆಗೆ ಪೂರ್ತಿ ಮುಚ್ಚುವ ಕನ್ನಡಕ ಚೆನ್ನಾಗಿ ಒಗ್ಗುತ್ತದೆ. ಮಂಗಳೂರು, ಉಡುಪಿ, ಕಾರವಾರದಲ್ಲಿ ಗಾಳಿಯಲ್ಲೇ ತೇವ ಇರುತ್ತದೆ. ಅಲ್ಲಿ ಪೂರ್ತಿ ಮುಚ್ಚಿದ್ದು ಬೇಗ ಮಬ್ಬಾಗುತ್ತದೆ, ಬಾಗಿದ ಫ್ರೇಮ್ ಅಥವಾ ಬದಿಯ ಮರೆಯೇ ಬಹಳ ಮಂದಿಗೆ ಸಾಕಾಗುತ್ತದೆ. ಎಸಿ ಕಾರಿನಿಂದ ಇಳಿದ ಕೂಡಲೇ ಗಾಜು ಮಸುಕಾದರೆ, ತಿಳಿಯಾಗುವವರೆಗೆ ನಿಂತು ಆಮೇಲೆ ರಸ್ತೆ ದಾಟಿ.

ಈಗ ಗಾಜಿನ ವಿಚಾರ. ನಿಜವಾದ ಗಾಜು ಬೇಡ, ಕಲ್ಲು ತಾಗಿದರೆ ಒಡೆದು ಕಣ್ಣಿಗೇ ಚುಚ್ಚುತ್ತದೆ. ಪಾಲಿಕಾರ್ಬೊನೇಟ್ ಎಂದು ಕೇಳಿ ತೆಗೆದುಕೊಳ್ಳಿ. ಹಗುರ, ಸುಲಭವಾಗಿ ಒಡೆಯುವುದಿಲ್ಲ, ಬಿಸಿಲಿನ ಅತಿನೇರಳೆ ಕಿರಣಗಳನ್ನು ತನ್ನ ಗುಣದಿಂದಲೇ ಬಹುಮಟ್ಟಿಗೆ ತಡೆಯುತ್ತದೆ. ಗೀರು ಬೇಗ ಬೀಳುವುದೊಂದು ಕೊರತೆ, ಅದಕ್ಕೆ ಮೇಲೆ ಗಟ್ಟಿ ಲೇಪ ಇರಬೇಕು. ಬಿಸಿಲಿನ ಕನ್ನಡಕವಾದರೆ ಯುವಿ 400 ಎಂದು ಬರೆದಿದೆಯೇ ನೋಡಿ. 400 ನ್ಯಾನೊಮೀಟರ್‌ವರೆಗಿನ ಅತಿನೇರಳೆ ಕಿರಣಗಳನ್ನು ತಡೆಯುತ್ತದೆ ಎಂದು ಅದರ ಅರ್ಥ. ಬರೀ ಕಪ್ಪು ಬಣ್ಣ ಬಳಿದು ಈ ಗುಣ ಇಲ್ಲದ ಕನ್ನಡಕ ಕೆಟ್ಟದ್ದು. ಕತ್ತಲಿಗೆ ಕಣ್ಣಿನ ಪಾಪೆ ಹಿಗ್ಗುತ್ತದೆ, ಹಿಗ್ಗಿದ ಪಾಪೆಯೊಳಗೆ ಹಾನಿಕರ ಕಿರಣ ಇನ್ನಷ್ಟು ಹೋಗುತ್ತದೆ.

ಬಣ್ಣದ ಗಾಢತೆಗೆ ಅಂತರರಾಷ್ಟ್ರೀಯ ಕ್ರಮದಲ್ಲಿ ಸೊನ್ನೆಯಿಂದ ನಾಲ್ಕರವರೆಗೆ ದರ್ಜೆಗಳಿವೆ. ಸೊನ್ನೆ ಎಂದರೆ ಹೆಚ್ಚುಕಡಿಮೆ ತಿಳಿ ಗಾಜು. ಮೂರನೆಯ ದರ್ಜೆ ಬೆಳಕಿನ ಶೇ. 8ರಿಂದ 18ರಷ್ಟನ್ನು ಮಾತ್ರ ಒಳಬಿಡುತ್ತದೆ, ನಮ್ಮ ಬೇಸಿಗೆಯ ರಾಚುವ ಬಿಸಿಲಿಗೆ ಅದು ಸಾಕು. ನಾಲ್ಕನೆಯದು ಅದಕ್ಕಿಂತ ಕಪ್ಪು, ಅದನ್ನು ಹಾಕಿಕೊಂಡು ವಾಹನ ಓಡಿಸಬಾರದು. ಟಾರು ರಸ್ತೆಯ, ಕೆರೆಯ ನೀರಿನ ಪ್ರತಿಫಲನ ಕಣ್ಣು ಕುಕ್ಕುವವರಿಗೆ ಪೋಲರಾಯ್ಡ್ ಗಾಜು ಹಿತ. ಆದರೆ ಅದರಲ್ಲಿ ಮೊಬೈಲ್ ಪರದೆ, ಗಾಡಿಯ ಡಿಜಿಟಲ್ ಮೀಟರ್ ಕೆಲವೊಮ್ಮೆ ಕಪ್ಪಾಗಿ ಕಾಣುತ್ತದೆ, ಮೊದಲೇ ನೋಡಿಕೊಳ್ಳಿ. ಬಿಸಿಲಿಗೆ ತಾನೇ ಕಪ್ಪಾಗುವ ಗಾಜು ಕಾರಿನೊಳಗೆ ಅಷ್ಟಾಗಿ ಕಪ್ಪಾಗುವುದಿಲ್ಲ, ಏಕೆಂದರೆ ಕಾರಿನ ಮುಂದಿನ ಗಾಜು ಅತಿನೇರಳೆ ಕಿರಣವನ್ನು ತಡೆದುಬಿಡುತ್ತದೆ. ರಾತ್ರಿಯಂತೂ ಯಾವ ಬಣ್ಣದ ಗಾಜೂ ಬೇಡ, ಹಳದಿಯೂ ಬೇಡ. ಆದರೆ ಗಾಳಿ ರಾತ್ರಿಯೂ ಇರುತ್ತದಲ್ಲ? ಅದಕ್ಕೇ ಒಣ ಕಣ್ಣಿನವರಿಗೆ ನಾನು ಹೇಳುವುದು, ಒಂದೇ ಕನ್ನಡಕ ಕೊಳ್ಳುವ ಶಕ್ತಿ ಇದ್ದರೆ ತಿಳಿ ಗಾಜಿನದನ್ನೇ ಕೊಳ್ಳಿ. ಹಗಲು ಟೋಪಿ, ಕೊಡೆ ಬಿಸಿಲನ್ನು ನೋಡಿಕೊಳ್ಳುತ್ತವೆ, ತಿಳಿ ಗಾಜು ಹಗಲು ರಾತ್ರಿ ಗಾಳಿಯನ್ನು ನೋಡಿಕೊಳ್ಳುತ್ತದೆ.

ಕೆಲಸಕ್ಕೆ ತಕ್ಕ ಕನ್ನಡಕದ ಬಗ್ಗೆ ಎರಡು ಮಾತು. ದ್ವಿಚಕ್ರ ವಾಹನ ಓಡಿಸುವವರು ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ ಹಾಕಿ ವೈಸರ್ ಇಳಿಸಿದರೆ ಅರ್ಧ ಕೆಲಸ ಆದಂತೆ. ಹೆಲ್ಮೆಟ್ಟಿನ ಒಳಗೆ ಹಾಕುವ ಕನ್ನಡಕದ ಕಡ್ಡಿ ತೆಳ್ಳಗೆ, ನೇರವಾಗಿ ಇರಬೇಕು, ಇಲ್ಲದಿದ್ದರೆ ಕಿವಿಯ ಮೇಲೆ ಒತ್ತಿ ತಲೆನೋವು ತರುತ್ತದೆ. ಕಡ್ಡಿ ಬಹಳ ಅಗಲವಾಗಿದ್ದರೆ ಪಕ್ಕದಿಂದ ಬರುವ ವಾಹನ ಕಾಣುವುದಿಲ್ಲ, ಇದನ್ನು ಹೆಲ್ಮೆಟ್ ಹಾಕಿಕೊಂಡೇ ಪರೀಕ್ಷಿಸಿ.

ಒಕ್ಕಲಾಟದ ಯಂತ್ರದ ಮುಂದೆ ನಿಲ್ಲುವವರು, ಸಂಡೂರಿನ ಕಡೆ ಅದಿರಿನ ಧೂಳಿನಲ್ಲಿ ದುಡಿಯುವವರು, ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಆರಿಸಿ ಚೀಲ ತುಂಬುವವರು, ಕಲ್ಲು ಕೆತ್ತುವವರು, ಇವರ ಕಣ್ಣಿಗೆ ಗಾಳಿಯ ಜೊತೆ ಧೂಳು, ಖಾರ, ಚೂರು ಎಲ್ಲ ಬೀಳುತ್ತದೆ. ಇವರಿಗೆ ಕೂಲಿಂಗ್ ಗ್ಲಾಸ್ ಸಾಲದು. ಕೈಗಾರಿಕೆಯಲ್ಲಿ ಬಳಸುವ ರಕ್ಷಣಾ ಕನ್ನಡಕ ಬೇಕು. ನಮ್ಮ ದೇಶದಲ್ಲಿ ಅದಕ್ಕೆ ಐಎಸ್ 5983 ಎಂಬ ಮಾನಕ ಇದೆ. ಯುರೋಪಿನ ಇಎನ್ 166, ಅಮೆರಿಕದ ಝಡ್ 87 ಗುರುತಿನವೂ ಸಿಗುತ್ತವೆ. ಹಾರ್ಡ್‌ವೇರ್ ಅಂಗಡಿಗಳಲ್ಲಿ ಕೆಲವು ನೂರು ರೂಪಾಯಿಗೆ ದೊರೆಯುವ ತಿಳಿ ಬಣ್ಣದ ಇಂಥ ಕನ್ನಡಕ, ದುಬಾರಿ ಹೆಸರಿನ ಎಷ್ಟೋ ಕನ್ನಡಕಗಳಿಗಿಂತ ಚೆನ್ನಾಗಿ ಗಾಳಿ ತಡೆಯುತ್ತದೆ. ಆದರೆ ವೆಲ್ಡಿಂಗ್ ಮಾಡುವವರು ಇದನ್ನು ನೆಚ್ಚಬಾರದು, ಅವರಿಗೆ ವೆಲ್ಡಿಂಗಿನದೇ ಗಾಜು ಬೇಕು.

ಕನ್ನಡಕದ ಆರೈಕೆಯೂ ಮುಖ್ಯ. ಧೂಳು ಕುಳಿತ ಗಾಜನ್ನು ಸೆರಗಿನಿಂದಲೋ ಅಂಗಿಯ ತುದಿಯಿಂದಲೋ ಒಣಗಿದ ಹಾಗೇ ಒರೆಸಬೇಡಿ, ಗೀರು ಬೀಳುತ್ತದೆ. ಮೊದಲು ನೀರು ಬಿಟ್ಟು ಧೂಳು ಇಳಿಸಿ, ಒಂದು ಹನಿ ಸೋಪಿನಿಂದ ಬೆರಳಲ್ಲಿ ಉಜ್ಜಿ, ತೊಳೆದು, ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ಒತ್ತಿ ಒರೆಸಿ. ಫೋಮ್ ಪಟ್ಟಿ ಬೆವರು ಹೀರುತ್ತದೆ. ತೊಳೆಯದೆ ಬಿಟ್ಟರೆ ಚರ್ಮ ಕೆಂಪಾಗಿ ತುರಿಸುತ್ತದೆ, ಅಲ್ಲಿ ಕುಳಿತ ಧೂಳು ಮತ್ತೆ ಕಣ್ಣಿಗೇ ಹೋಗುತ್ತದೆ. ಪಟ್ಟಿಯನ್ನು ಕಳಚಲು ಬರುವಂಥದ್ದನ್ನೇ ಕೊಳ್ಳಿ. ಆಗಾಗ ತೊಳೆದು ನೆರಳಲ್ಲಿ ಆರಿಸಿ, ಹರಿದರೆ, ಗಟ್ಟಿಯಾದರೆ ಬದಲಿಸಿ. ಒಬ್ಬರ ಕನ್ನಡಕ ಇನ್ನೊಬ್ಬರು ಹಾಕಬಾರದು, ಕಣ್ಣು ಬೇನೆ ಇದ್ದಾಗಂತೂ ಸುತರಾಂ ಬೇಡ.

ಕನ್ನಡಕ ಇದೆ ಎಂದು ಉಳಿದ ಚಿಕಿತ್ಸೆ ಬಿಡಬಾರದು. ವೈದ್ಯರು ಹೇಳಿದ ಹನಿ ಹಾಕಿಕೊಳ್ಳಿ. ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಹಾಕಬೇಕಾಗಿದ್ದರೆ ಸಂರಕ್ಷಕ ಇಲ್ಲದ ಹನಿ ಯಾವುದು ಎಂದು ಕೇಳಿ, ಏಕೆಂದರೆ ಕೆಲವು ಸಂರಕ್ಷಕಗಳೇ ಕಣ್ಣನ್ನು ಕೆರಳಿಸುತ್ತವೆ. ಎಣ್ಣೆಯ ಗ್ರಂಥಿ ಕಟ್ಟಿಕೊಂಡವರು ಹದವಾದ ಬಿಸಿ ಬಟ್ಟೆಯ ಶಾಖ ಕೊಟ್ಟು ರೆಪ್ಪೆ ಮೃದುವಾಗಿ ನೀವಬೇಕು. ಪರದೆ ನೋಡುವಾಗ ನೆನಪಿಟ್ಟು ಪೂರ್ತಿ ರೆಪ್ಪೆ ಮುಚ್ಚಿ ತೆರೆಯಬೇಕು. ಫ್ಯಾನು, ಎಸಿಯ ಗಾಳಿಯನ್ನು ಮುಖದಿಂದ ಬೇರೆ ಕಡೆ ತಿರುಗಿಸಬೇಕು. ಜೇನು, ಹರಳೆಣ್ಣೆ, ಎದೆಹಾಲು ಕಣ್ಣಿಗೆ ಬಿಡುವುದು ಬೇಡವೇ ಬೇಡ. ಔಷಧದ ಅಂಗಡಿಯಲ್ಲಿ ಚೀಟಿಯಿಲ್ಲದೆ ಹನಿ ಕೇಳಿ ತರುವುದೂ ಬೇಡ. ಅದರಲ್ಲಿ ಸ್ಟಿರಾಯ್ಡ್ ಇದ್ದರೆ ಕ್ರಮೇಣ ಕಣ್ಣಿನ ಒತ್ತಡ ಏರಿ ದೃಷ್ಟಿ ಹೋಗಬಹುದು.

ಕೆಲವರು ಕನ್ನಡಕ ಕೊಳ್ಳುತ್ತಾ ಹೊತ್ತು ಕಳೆಯಬಾರದು. ಕಣ್ಣು ಕೆಂಪಾಗಿ ನೋಯುತ್ತಿದ್ದರೆ, ಬೆಳಕು ನೋಡಲು ಆಗದಿದ್ದರೆ, ದೃಷ್ಟಿ ಮಸುಕಾಗುತ್ತಿದ್ದರೆ, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಮುಖದ ಒಂದು ಬದಿಗೆ ಲಕ್ವ ಹೊಡೆದು ಕಣ್ಣು ಮುಚ್ಚಲಾಗದವರಿಗೆ ಕರಿಗುಡ್ಡೆ ಒಣಗಿ ಹುಣ್ಣಾಗುವ ಭಯ ಇರುತ್ತದೆ. ಅವರಿಗೆ ಮುಲಾಮು, ರಾತ್ರಿ ರೆಪ್ಪೆಗೆ ಅಂಟುಪಟ್ಟಿ ಎಲ್ಲ ಬೇಕು, ಕನ್ನಡಕ ಅದರ ಜೊತೆಗೆ. ಚಿಕ್ಕ ಮಕ್ಕಳ ಕಣ್ಣು ಒಣಗಿ, ಕತ್ತಲಲ್ಲಿ ಕಾಣದೆ ತಡವರಿಸುತ್ತಿದ್ದರೆ ಅದು ವಿಟಮಿನ್ ಎ ಕೊರತೆ ಇರಬಹುದು. ಅದಕ್ಕೆ ಮದ್ದೇ ಬೇರೆ, ತಡ ಮಾಡುವಂತಿಲ್ಲ.

ಕೊನೆಯದಾಗಿ ಎರಡು ಕೋರಿಕೆ. ಮೆಣಸಿನಕಾಯಿ ವ್ಯಾಪಾರಿಗಳು, ಗಣಿ ಗುತ್ತಿಗೆದಾರರು, ಒಕ್ಕಲಾಟದ ಯಂತ್ರದ ಮಾಲೀಕರು ನಿಮ್ಮಲ್ಲಿ ದುಡಿಯುವ ಪ್ರತಿಯೊಬ್ಬರಿಗೂ ಒಂದು ರಕ್ಷಣಾ ಕನ್ನಡಕ ಕೊಡಿಸಿ, ಅದನ್ನು ತೊಳೆಯಲು ನೀರು, ಸೋಪು ಹತ್ತಿರ ಇಡಿ. ಒಂದು ದಿನದ ಕೂಲಿಗಿಂತ ಹೆಚ್ಚು ಖರ್ಚು ಬರುವುದಿಲ್ಲ. ಇನ್ನು ಊರಲ್ಲಿರುವ ತಂದೆ ತಾಯಿಗೆ ಪಟ್ಟಣದಿಂದ ಕನ್ನಡಕ ಕಳುಹಿಸುವ ಮಕ್ಕಳು ದಯವಿಟ್ಟು ಹಾಗೆ ಮಾಡಬೇಡಿ. ಒಂದು ದಿನ ಬಿಡುವು ಮಾಡಿಕೊಂಡು ಅವರನ್ನೇ ಅಂಗಡಿಗೆ ಕರೆದುಕೊಂಡು ಹೋಗಿ, ಅವರ ಮುಖದ ಮೇಲೆಯೇ ಫ್ರೇಮ್ ಇಟ್ಟು ಸಂದು ನೋಡಿ, ಫ್ಯಾನಿನ ಮುಂದೆ ನಿಲ್ಲಿಸಿ ಆರಿಸಿ. ಒಣ ಕಣ್ಣಿನ ಕನ್ನಡಕವನ್ನು ಹಾಕಿಕೊಳ್ಳುವವರ ಮುಖ ನೋಡದೆ ಆರಿಸಲು ಬರುವುದಿಲ್ಲ.